ಗಾದಿಗೆ ಮೊದಲ ದಾರ

ಹೊಸದಾಗಿ ಹಿಂಜಿದ ಹತ್ತಿಗೆ ಒಂದು ವಾಸನೆಯಿದೆ. ಅದು ಹೇಗಿರುತ್ತದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಬಿಸಿಲಿನಲ್ಲಿ ಒಣಗಿದ ಬಟ್ಟೆ, ಸ್ವಲ್ಪ ಎಣ್ಣೆ, ಸ್ವಲ್ಪ ಧೂಳು ಎಂದು ಒಮ್ಮೆ ಡೈರಿಯಲ್ಲಿ ಬರೆದಿದ್ದೆ. ಬರೆಯುವಾಗಲೇ ಅದು ಸರಿಯಿಲ್ಲ ಎಂದು ಗೊತ್ತಿತ್ತು. ಕಳೆದ ವಾರ ನನ್ನ ಹಳೆಯ ಗಾದಿಯನ್ನು ಹಿಂಜಿಸಲೆಂದು ಆಟೋದಲ್ಲಿ ಹೇರಿಕೊಂಡು ಹರಿಹರದ ಆ ಓಣಿಗೆ ತಿರುಗಿದಾಗ ಅದೇ ವಾಸನೆ ಮೂಗಿಗೆ ಬಡಿಯಿತು. ತಕ್ಷಣ ಬಾಯಲ್ಲಿ ಹೋಳಿಗೆಯ ರುಚಿ ಬಂತು. ಹತ್ತಿಗೂ ಹೋಳಿಗೆಗೂ ನಂಟಿರುವುದು ಬಹುಶಃ ನನ್ನೊಬ್ಬಳಿಗೇ.

ಗಾದಿ ಇಳಿಸಿ ಒಳಗೆ ಕೂತಿದ್ದೆ. ಗಾದಿ ಅಂಗಡಿಯವರ ಮಗಳು ನಸ್ರೀನ್ ಟ್ರಂಕಿನಿಂದ ನಾಲ್ಕು ಹಾಳೆ ತೆಗೆದು ತಂದಳು. ಅವಳೀಗ ಎಂ.ಎ. ಎರಡನೇ ವರ್ಷದಲ್ಲಿದ್ದಾಳೆ, ಎರಡು ವರ್ಷದ ಹಿಂದೆ ಬಿ.ಎ. ಕೊನೆಯ ವರ್ಷದಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದಳು. "ಇದು ನಿಮ್ ಕೈಬರಹ ಮೇಡಂ, ಕಳೀಬಾರ್ದು ಅಂತ ಇಟ್ಕೊಂಡೀನಿ," ಎಂದು ನಕ್ಕಳು.

ಎರಡು ವರ್ಷದಿಂದ ಆ ಬೇಸಿಗೆಯ ಸಂಗತಿಯನ್ನು ನಾನು ಹತ್ತಾರು ಜನರಿಗೆ ಹೇಳಿದ್ದೇನೆ. ಪ್ರತಿ ಸಲವೂ "ನಾನು ಅವಳ ಕಥೆಯ ಪಕ್ಕದಲ್ಲಿ ಪೆನ್ಸಿಲ್‌ನಿಂದ ಒಂದು ಪ್ರಶ್ನೆಯ ಗುರುತು ಹಾಕಿದ್ದೆ, ಅಷ್ಟೇ," ಎನ್ನುತ್ತಿದ್ದೆ. ಸುಳ್ಳು ಹೇಳುತ್ತಿರಲಿಲ್ಲ, ನಂಬಿಯೇ ಹೇಳುತ್ತಿದ್ದೆ. ಹಾಳೆಯ ಮೇಲೆ ಪೆನ್ಸಿಲ್ಲೂ ಇಲ್ಲ, ಪ್ರಶ್ನೆಯೂ ಇಲ್ಲ. ಇಡೀ ಒಂದು ಪ್ಯಾರಾದ ಮೇಲೆ ಕೆಂಪು ಶಾಯಿಯ ಅಡ್ಡಗೆರೆ. ಪಕ್ಕದಲ್ಲಿ ನನ್ನದೇ ದುಂಡು ಅಕ್ಷರ: 'ಹೀಗೆಲ್ಲೂ ನಡೆಯುವುದಿಲ್ಲ.' ಕೆಳಗೆ ಎರಡು ಗೆರೆ ಬೇರೆ.

ಆದ್ದರಿಂದ ಇದನ್ನು ಮೊದಲಿನಿಂದ ಬರೆಯಬೇಕಾಗಿದೆ.

ಆ ವರ್ಷ ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಕೆ.ಬಿ. ಬಡಾವಣೆಯಲ್ಲಿ ಮಹಡಿಯ ಮೇಲಿನ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಮಾರ್ಚಿಗೇ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತಿತ್ತು. ಮಧ್ಯಾಹ್ನದ ತರಗತಿಯಲ್ಲಿ ಹುಡುಗರು ನೋಟ್‌ಬುಕ್ಕಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಆ ಸಲ ಯುಗಾದಿಯಾದ ಎರಡೇ ದಿನಕ್ಕೆ ರಂಜಾನ್ ಹಬ್ಬ ಬರುವುದಿತ್ತು. ಮದುವೆಯ ಕಾಲವೂ ಅದೇ. ಊರಿಗೆ ಊರೇ ಬೆವರುತ್ತ, ಬಟ್ಟೆ ಕೊಳ್ಳುತ್ತ ಓಡಾಡುತ್ತಿತ್ತು.

ನಾನು ಕಲಿಸುತ್ತಿದ್ದದ್ದು ಕಥೆ ಬರೆಯುವ ಪಾಠ. ಒಂದು ದಿನ ಬೋರ್ಡಿನ ಮೇಲೆ ಮೂರು ವೃತ್ತ ಬರೆದು, ಒಂದರಲ್ಲಿ ನಂಬಿಕೆ, ಇನ್ನೊಂದರಲ್ಲಿ ನೆಲೆ, ಮತ್ತೊಂದರಲ್ಲಿ ಬದುಕು ಎಂದು ತುಂಬಿಸಿ, ಮೂರೂ ಕೂಡುವ ಜಾಗದಲ್ಲಿ 'ಪಾತ್ರ' ಎಂದು ಬರೆದೆ. ನನ್ನ ಚಿತ್ರವನ್ನು ನಾನೇ ಮೆಚ್ಚಿದ್ದೆ. "ನಿಮ್ಮ ಮನೆಯ ಒಬ್ಬರನ್ನು ಆರಿಸಿಕೊಳ್ಳಿ. ಅವರು ಏನನ್ನು ನಂಬುತ್ತಾರೆ, ಎಲ್ಲಿ ಬಾಳಿದ್ದಾರೆ, ಏನನ್ನು ಕಂಡಿದ್ದಾರೆ ಎಂದು ಯೋಚಿಸಿ ಕಥೆ ಬರೆಯಿರಿ," ಎಂದೆ. ಚೆನ್ನಾದ ಮೂರು ಕಥೆಗಳನ್ನು ಏಪ್ರಿಲ್ ಕೊನೆಗೆ ಕಾಲೇಜಿನ ಸಭಾಂಗಣದಲ್ಲಿ ಓದಿಸುವುದಾಗಿಯೂ ಹೇಳಿದೆ.

ನಸ್ರೀನ್ ಎರಡನೇ ಬೆಂಚಿನ ಅಂಚಿನಲ್ಲಿ ಕೂರುವ, ಹಾಜರಿ ಕೂಗಿದಾಗ ಮಾತ್ರ ದನಿ ಕೇಳಿಸುವ ಹುಡುಗಿ. ದಿನವೂ ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವರದು ಗಾದಿ ಮಾಡುವ ಮನೆ. ಮುಂದಿನ ಅಂಗಡಿಯಲ್ಲಿ ಅಪ್ಪ ಯಂತ್ರದಲ್ಲಿ ಹತ್ತಿ ಹಿಂಜುತ್ತಾರೆ, ಹಿಂದಿನ ಪಡಸಾಲೆಯಲ್ಲಿ ಅಜ್ಜಿ ಹುಸೇನಬಿ ಗಾದಿ ಹೊಲಿಯುತ್ತಾರೆ. ಅವಳು ಬರೆದದ್ದು ತಾನು 'ದಾದಿ' ಎಂದು ಕರೆಯುವ ಆ ಅಜ್ಜಿಯ ಕಥೆ. ನಾಲ್ಕೇ ಪುಟ. ಓದಿದಾಗ ತರಗತಿಯಲ್ಲಿ ಇಷ್ಟು ದಿನ ಈ ಹುಡುಗಿ ಎಲ್ಲಿದ್ದಳು ಅನ್ನಿಸಿತು. ಇದು ಡೈರಿಯಲ್ಲೂ ಇದೆ, ಹಾಗಾಗಿ ನಿಜವೇ ಇರಬೇಕು.

ಕಥೆಯಲ್ಲಿ ಒಂದು ರೂಢಿ ಬರುತ್ತಿತ್ತು. ಮದುವೆ ಗಾದಿಗೆ ಮೊದಲ ದಾರ ಹಾಕುವವರ ಹೊಟ್ಟೆ ತುಂಬಿರಬೇಕು. ಹಸಿದ ಕೈ ದಾರವನ್ನು ಬಿಗಿಯುತ್ತದೆ, ಗಾದಿ ಗಟ್ಟಿಯಾಗುತ್ತದೆ. ಉಪವಾಸದ ತಿಂಗಳಲ್ಲಿ ಮದುವೆ ಗಾದಿ ಬಂದರೆ ಏನು ಮಾಡುವುದು? ಪಕ್ಕದ ಮನೆಯ ಗೌರಮ್ಮ ತಟ್ಟೆ ಹಿಡಿದು ಬರುತ್ತಾರೆ. ದಾದಿಯ ಎದುರೇ ಕೂತು ಹೊಟ್ಟೆ ತುಂಬ ತಿನ್ನುತ್ತಾರೆ, ಕೈ ತೊಳೆದು ಮೊದಲ ದಾರ ಹಾಕುತ್ತಾರೆ. ಆಮೇಲೆ ದಾದಿ ಸೂಜಿ ಇಸಿದುಕೊಳ್ಳುತ್ತಾರೆ.

ನಾನು ಹೊಡೆದು ಹಾಕಿದ್ದು ಈ ಪ್ಯಾರಾವನ್ನು.

ಯಾಕೆ ಹೊಡೆದೆ ಎಂದು ಈಗ ಯೋಚಿಸಿದರೆ ನನ್ನ ಊರು ಆನಗೋಡು ನೆನಪಾಗುತ್ತದೆ. ಶಿವರಾತ್ರಿಯ ದಿನ ಅವ್ವ ಉಪವಾಸ. ಮಕ್ಕಳಾದ ನಮಗೆ ಹಿತ್ತಲ ಕಟ್ಟೆಯ ಮೇಲೆ ಊಟ ಬಡಿಸುತ್ತಿದ್ದಳು. "ಉಪಾಸ ಇದ್ದೋರ ಮುಂದೆ ಬಾಯಾಡಿಸಬಾರ್ದು," ಎಂದು ಗದರಿಸುತ್ತಿದ್ದಳು. ಒಮ್ಮೆ ಬೆಲ್ಲದ ತುಂಡು ಬಾಯಲ್ಲಿಟ್ಟುಕೊಂಡು ಪಡಸಾಲೆಗೆ ಬಂದದ್ದಕ್ಕೆ ಬೆನ್ನ ಮೇಲೆ ಏಟು ಬಿದ್ದಿತ್ತು. ಉಪವಾಸಕ್ಕೆ ಮರ್ಯಾದೆ ಕೊಡುವುದೆಂದರೆ ಅಡಗಿ ತಿನ್ನುವುದು, ಬೇರೆ ರೀತಿಯೇ ಇಲ್ಲ ಎಂದು ಆ ಏಟು ನನಗೆ ಕಲಿಸಿಬಿಟ್ಟಿತ್ತು. ಬೋರ್ಡಿನ ಮೇಲೆ ಮೂರು ವೃತ್ತ ಬರೆದವಳು ಆ ವೃತ್ತದೊಳಗೆ ತಾನೂ ಇದ್ದೇನೆ ಎಂದು ಯೋಚಿಸಲೇ ಇಲ್ಲ.

ಹೊಡೆದು ಸುಮ್ಮನಾಗಲೂ ಇಲ್ಲ. ಅಂಚಿನಲ್ಲಿ ಸಲಹೆಗಳನ್ನು ಬರೆದೆ. ದಾದಿಯ ನಮಾಜಿನ ವರ್ಣನೆ ಇನ್ನಷ್ಟು ಬರಲಿ. ಅತ್ತರಿನ ಪರಿಮಳ ಇರಲಿ. ಆಕೆಯ ಕಣ್ಣಲ್ಲಿ ಸದಾ ನೀರಾಡುತ್ತಿರಲಿ. ಕೊನೆಗೆ, ಇದನ್ನು ಬರೆಯಲು ಈಗ ಕೈ ಹಿಂಜರಿಯುತ್ತದೆ, 'ಹಬ್ಬದ ಹಿಂದಿನ ದಿನ ದಾದಿ ತೀರಿಕೊಂಡರೆ ಕಥೆಗೆ ತೂಕ ಬರುತ್ತದೆ' ಎಂದೂ ಬರೆದಿದ್ದೆ. ನಸ್ರೀನ್ ತಲೆ ಅಲ್ಲಾಡಿಸಿ ಹಾಳೆ ಒಯ್ದಳು. ವಾರದಲ್ಲಿ ನಾನು ಹೇಳಿದ ಹಾಗೇ ತಿದ್ದಿ ತಂದಳು. ಅದನ್ನು ಓದಿ ನಾನೇ ಕಣ್ಣೊರೆಸಿಕೊಂಡೆ. ಆರಿಸಿದ ಮೂರು ಕಥೆಗಳಲ್ಲಿ ಅದನ್ನು ಮೊದಲಿಗಿಟ್ಟೆ.

ಯುಗಾದಿಗೆ ನಾಲ್ಕು ದಿನ ಇರುವಾಗ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು.

"ಮೇಡಂ, ನಾನು ಕಥೆ ಓದಲ್ಲ."

"ಯಾಕಮ್ಮ?"

"ದಾದಿಗೆ ಓದಿ ಹೇಳಿದೆ. ಯಾರಿವಳು ಅಂತ ಕೇಳಿದ್ರು. ನೀನೇ ಅಂದೆ. 'ನಾನಾ? ಸತ್ತಿದ್ದು ನನಗೇ ಗೊತ್ತಿಲ್ಲ ನೋಡು' ಅಂದ್ರು."

ನನಗೆ ನಗು ಬಂತು. ಅವಳು ನಗಲಿಲ್ಲ.

"ಇಷ್ಟು ಮಂದಿ ಮನಿಗೆ ಗಾದಿ ಹೊಲ್ದೀನಿ, ಅವರೆಲ್ಲ ಸಭಾದಾಗ ಕುಂತು, ಪಾಪ ಮುದುಕಿ ಅಂತ ಕಣ್ಣೊರೆಸ್ಕೋಬೇಕಾ ಅಂದ್ರು. ಅದನ್ನ ಓದೋದಾದ್ರೆ ತಾನು ಬರಲ್ಲ ಅಂತ. ದಾದಿ ಬರಲ್ಲ ಅಂದ್ರೆ ನಾನೂ ಓದಲ್ಲ ಮೇಡಂ. ಅವರ ಮುಂದೆ ಓದಬೇಕು ಅಂತಲೇ ಬರ್ದಿದ್ದು."

ಹಾಜರಿಗಷ್ಟೇ ಬಾಯಿ ತೆರೆಯುವ ಹುಡುಗಿ ಇಷ್ಟು ಮಾತಾಡಿದ್ದು ಅದೇ ಮೊದಲು. ಅವಳು ಹೋದಮೇಲೆ ನಾನು ಡೈರಿಯಲ್ಲಿ ಬರೆದದ್ದು ಹೀಗಿದೆ: 'ಓದುಬರಹವಿಲ್ಲದ ಅಜ್ಜಿಗೆ ಕಥೆಯೆಂದರೇನು ಎಂದು ವಿವರಿಸಿ ಹೇಳಬೇಕು.' ಎಂದರೆ ನಾನು ಹರಿಹರಕ್ಕೆ ಹೊರಟದ್ದು ಕ್ಷಮೆ ಕೇಳಲು ಅಲ್ಲ, ಪಾಠ ಹೇಳಲು. ಕ್ಷಮೆ ಕೇಳಲು ಹೋಗಿದ್ದೆ ಎಂದೇ ಇತ್ತೀಚಿನವರೆಗೂ ತಿಳಿದುಕೊಂಡಿದ್ದೆ.

ಯುಗಾದಿಗೆ ಆನಗೋಡಿಗೆ ಹೋಗಿದ್ದೆ. ಮರುದಿನ ಬೆಳಿಗ್ಗೆ ಹೊರಡುವಾಗ ಅವ್ವ ಸ್ಟೀಲ್ ಡಬ್ಬಿಯಲ್ಲಿ ಹೋಳಿಗೆ ಕಟ್ಟಿಕೊಟ್ಟಳು. ಯಾರ ಮನೆಗೆ ಹೋದರೂ ಬರಿಗೈಲಿ ಹೋಗಬಾರದೆಂಬುದು ಅವಳ ಇನ್ನೊಂದು ನಿಯಮ. ಸಂಜೆ ಉಪವಾಸ ಬಿಟ್ಟ ಮೇಲೆ ಅವರು ತಿನ್ನಲಿ ಎಂದುಕೊಂಡೆ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹರಿಹರ ಮುಟ್ಟಿದಾಗ ನಡುಮಧ್ಯಾಹ್ನ. ಸೇತುವೆಯ ಕಡೆಯಿಂದ ಬರುವ ಗಾಳಿಯೂ ಬಿಸಿ. ತುಂಗಭದ್ರೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು ಕಾಣುತ್ತಿತ್ತು.

ಪಡಸಾಲೆಯ ತುಂಬ ಹತ್ತಿ. ನಡುವೆ ಹೂವಿನ ಚಿತ್ರದ ಕೆಂಪು ಬಟ್ಟೆಯೊಳಗೆ ತುಂಬಿದ, ಇನ್ನೂ ಹೊಲಿಯದ ದೊಡ್ಡ ಗಾದಿ, ಆಗ ತಾನೇ ಉಸಿರೆಳೆದುಕೊಂಡ ಹಾಗೆ ಉಬ್ಬಿತ್ತು. ಅದರ ಆಚೆ ತುದಿಯಲ್ಲಿ ಕಾಲು ಚಾಚಿ ಕೂತಿದ್ದ ತೆಳ್ಳನೆಯ ಹೆಂಗಸು ಹುಸೇನಬಿ. ಹುಬ್ಬಿನ ಮೇಲೂ ಹತ್ತಿ. ಈಚೆ ಗೋಡೆಗೆ ಒರಗಿದ್ದ ದಪ್ಪನೆಯವರು, ಹಣೆಯಲ್ಲಿ ಮೂರು ಬೆರಳಗಲ ವಿಭೂತಿ, ಎಡಗೆನ್ನೆಗೆ ಸೆರಗು ಒತ್ತಿ ಹಿಡಿದವರು, ಗೌರಮ್ಮ.

"ಬರ್ರಿ ಮೇಡಮ್ಮಾರೆ, ಕೂಡ್ರಿ," ಎಂದರು ಹುಸೇನಬಿ. "ನನ್ನ ಸಾಯಿಸಿದೋರು ನೀವೇ ಹೌದಲ್ರೀ?"

ನಸ್ರೀನ್ ಬಾಗಿಲ ಹಿಂದಕ್ಕೆ ಸರಿದಳು. ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದ ಮಾತನ್ನು ಶುರುಮಾಡಿದೆ. "ಹಾಗಲ್ಲ ಅಮ್ಮ, ಕಥೆ ಅಂದಮೇಲೆ ಸ್ವಲ್ಪ ಕಲ್ಪನೆ..."

"ಮಾಡ್ಕೊಳ್ರಿ, ಬ್ಯಾಡ ಅಂದೋರ್ಯಾರು? ನಂದೊಂದೇ ಮಾತು. ಈಕಿ ಬೆಳಗಿಂದ ಸಂಜಿ ತನಕ ನಮಾಜ್ ಮಾಡ್ತಾಳೆ, ಅಳ್ತಾಳೆ. ಮತ್ತೆ ನಮಾಜ್, ಮತ್ತೆ ಅಳು. ಗಾದಿ ಯಾವಾಗ ಹೊಲೀತಾಳೆ?"

ಗೌರಮ್ಮ ಕೆನ್ನೆ ಹಿಡಿದುಕೊಂಡೇ ಕುಲುಕುಲು ನಕ್ಕರು. "ನಗಿಸಬ್ಯಾಡೇ, ಹೊಲಿಗೆ ಬಿಚ್ಚತೈತಿ," ಎಂದು ನರಳಿದರು. ಯುಗಾದಿಯ ಹಿಂದಿನ ದಿನ ಹಲ್ಲು ಕೀಳಿಸಿಕೊಂಡಿದ್ದರಂತೆ. ನನ್ನ ಕಡೆ ತಿರುಗಿ, "ನೋಡ್ರಿ ನನ್ ಮುಖ, ನಮ್ಮೂರ ಹರಿಹರ ದೇವರಂಗೆ ಆಗೇತಿ. ಈ ಕಡೀಗೊಂದು ಥರ, ಆ ಕಡೀಗೊಂದು ಥರ," ಎಂದರು.

"ಅದಕ್ಕೇ ಕುಂತೀನಿ ಕೈ ಕಟ್ಕೊಂಡು," ಎಂದರು ಹುಸೇನಬಿ. "ಐತವಾರ ಮದುವಿ. ಇವತ್ತು ಚಂದ್ರ ಕಂಡ್ರೆ ನಾಳೆ ಹಬ್ಬ, ಸೂಜಿ ಮುಟ್ಟಂಗಿಲ್ಲ. ಇವತ್ತೇ ಮುಗೀಬೇಕು. ಇಕಿ ನೋಡಿದ್ರೆ ಎರಡು ದಿನದಿಂದ ಗಂಜಿ ಕುಡೀತಾಳೆ. ಗಂಜಿ ಕುಡಿದ ಹೊಟ್ಟಿ ಹೊಟ್ಟೀನಾ?" ಅವರ ಕಣ್ಣು ನನ್ನ ಮಡಿಲಲ್ಲಿದ್ದ ಡಬ್ಬಿಯ ಮೇಲೆ ಬಿತ್ತು. "ಅದರಾಗೇನೈತೆ?"

"ಹೋಳಿಗೆ. ಸಂಜೆ ನಿಮಗೆ ಅಂತ..."

"ಸಂಜಿ ಮಾತು ಸಂಜಿಗೆ. ನೀವು ಉಣ್ರಿ ಈಗ."

ಬೇಡವೆಂದೆ. ಬೆಳಿಗ್ಗೆ ತಿಂದು ಬಂದಿದ್ದೇನೆ ಎಂದೆ. ನೀವು ಹನಿ ನೀರೂ ಕುಡಿದಿಲ್ಲ, ನಿಮ್ಮೆದುರು ಹೇಗೆ ತಿನ್ನಲಿ ಎಂದೆ. ಹುಸೇನಬಿ ಕೈಗೆ ಅಂಟಿದ ಹತ್ತಿ ಕೊಡವಿಕೊಂಡರು.

"ನೋಡವ್ವ, ಉಪಾಸ ನನ್ನ ಅಲ್ಲಾಗೆ. ಗಾದಿ ಆ ಮದುವಿ ಹುಡುಗಿಗೆ. ನನ್ನ ಹಸಿವನ್ನ ಆಕಿ ಹಾಸಿಗ್ಯಾಗ ಯಾಕ ತುಂಬ್ಲಿ?"

ಡಬ್ಬಿಯ ಮುಚ್ಚಳ ತೆಗೆದೆ. ಗೌರಮ್ಮ ತಾವೇ ಎದ್ದು ಪಕ್ಕದ ಮನೆಯಿಂದ ತುಪ್ಪದ ಗಿಂಡಿ ತಂದರು. ಮೊದಲ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಬೆನ್ನ ಮೇಲೆ ಇನ್ನೇನು ಏಟು ಬೀಳುತ್ತದೆ ಎಂಬ ಹಾಗೆ ಕೂತಿದ್ದೆ. "ಇಲಿ ತಿಂದಂಗೆ ತಿಂದ್ರೆ ಆಗಲ್ರೀ, ಆ ಹುಡುಗಿ ಜೀವನ ಐತಿ ನಿಮ್ ಹೊಟ್ಟಿ ಮ್ಯಾಗೆ," ಎಂದು ಗೌರಮ್ಮ ಗದರಿಸಿದರು. ಎರಡನೆಯದು ಇಳಿಯಿತು.

ತಿನ್ನುತ್ತಿರುವಾಗ ಆ ರೂಢಿಯ ಮೂಲವನ್ನು ಇಬ್ಬರೂ ಸೇರಿ, ಒಬ್ಬರ ಮಾತನ್ನೊಬ್ಬರು ಕಸಿದುಕೊಳ್ಳುತ್ತ ಹೇಳಿದರು. ಹೊಟ್ಟೆ ತುಂಬಿರಬೇಕೆಂಬುದು ಹುಸೇನಬಿಯ ಅತ್ತೆಯ ಕಾಲದ ಮಾತು. ಆದರೆ ಹುಸೇನಬಿ ಹೊಸ ಸೊಸೆ, ಹಟಮಾರಿ. ಉಪವಾಸದ ತಿಂಗಳಲ್ಲಿ, ಅತ್ತೆ ಊರಲ್ಲಿಲ್ಲದಾಗ, ಒಂದು ಮದುವೆ ಗಾದಿಯನ್ನು ಹಸಿದ ಕೈಯಲ್ಲೇ ಹೊಲಿದುಬಿಟ್ಟರು. ಆ ಮದುವೆ ಗೌರಮ್ಮನದು. ಕಾಳುಕಡಿ ವ್ಯಾಪಾರದವರ ಮನೆಗೆ ಸೊಸೆಯಾಗಿ ಬಂದ ಗೌರಮ್ಮ ಎಂಟನೇ ದಿನಕ್ಕೆ ಗೋಡೆಯಾಚೆಯಿಂದ ಜಗಳಕ್ಕೆ ಬಂದರು.

"ಹಲಗಿ ಅಂದ್ರೆ ಹಲಗಿ! ಅದರ ಮ್ಯಾಲೆ ರೊಟ್ಟಿ ಬಡೀಬೋದಿತ್ತು," ಎಂದರು ಗೌರಮ್ಮ.

"ಬರೇ ಗಾದಿ ಗಟ್ಟಿ ಅಂದ್ಲಾ ಇಕಿ? ನಮ್ಮತ್ತಿ ಎದುರಿಗೇ ಅಂದ್ಲು, ನಿನ್ ಸೊಸಿ ಹೊಟ್ಟಿಗೆ ಹಾಕು ಮೊದಲು ಅಂತ!"

"ಹಾಕಂಗಿದ್ರೆ ಹಾಕ್ತಿದ್ರು, ಉಪಾಸಲ್ಲೇನೇ ನಿಂದು? ಆಮ್ಯಾಲೆ ನಾನೇ ಅಂದೆ, ಹೋಗ್ಲಿ, ನೀನು ಹೊಲಿ, ನಿನ್ ಪಾಲಿಂದು ನಾನು ಉಣ್ತೀನಿ."

ಗೌರಮ್ಮ ಲಿಂಗಪೂಜೆಯಾಗದೆ ಬಾಯಿಗೆ ನೀರೂ ಹಾಕದವರು. ಆ ತಿಂಗಳಲ್ಲಿ ಮದುವೆ ಗಾದಿ ಬಂದ ದಿನ ಪೂಜೆಯನ್ನು ಬೇಗ ಮುಗಿಸಿ, ತಟ್ಟೆ ಹಿಡಿದು ಈ ಮನೆಗೆ ಬಂದು ಊಟ ಮಾಡುತ್ತಾರೆ. ನಲವತ್ತು ವರ್ಷದಿಂದ. ಇದನ್ನು ಅವರು ದೊಡ್ಡ ವಿಷಯವೆಂದು ಹೇಳಲಿಲ್ಲ. ಹಲ್ಲಿನ ಡಾಕ್ಟರನ್ನು ಬೈದಷ್ಟು ಉತ್ಸಾಹವೂ ಆ ಮಾತಿನಲ್ಲಿರಲಿಲ್ಲ.

ಕೈ ತೊಳೆದು ಬಂದೆ. ಗೇಣುದ್ದದ ಸೂಜಿ ಕೊಟ್ಟರು. ಗಾದಿಯ ಮೂಲೆಯಲ್ಲಿ ಚುಚ್ಚಿ, ಕೆಳಗಿನಿಂದ ಎಳೆದು ಗಂಟು ಹಾಕಬೇಕು. ನಾನು ಎಳೆದೆ. "ಮೆತ್ತಗೆ! ಕತ್ತೆ ಕೊರಳು ಬಿಗಿದಂಗೆ ಎಳೀತೀರಲ್ರೀ," ಎಂದು ಹುಸೇನಬಿ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು ದಾರ ಸಡಿಲಿಸಿದರು. ಅವರ ಬೆರಳ ತುದಿಗಳು ಸೂಜಿಯಿಂದಾಗಿ ಕಲ್ಲಿನ ಹಾಗಿದ್ದವು. ಆಮೇಲೆ ಬಿಸ್ಮಿಲ್ಲಾ ಎಂದು ಸೂಜಿ ಇಸಿದುಕೊಂಡು ಹೊಲಿಯತೊಡಗಿದರು, ನನ್ನನ್ನು ಮರೆತೇಬಿಟ್ಟರು. ನಾನು ಕಥೆಗೆ ಸೇರಿಸಲು ಹೇಳಿದ್ದ ಅತ್ತರು ಅಲ್ಲಿ ಎಲ್ಲೂ ಇರಲಿಲ್ಲ. ಹತ್ತಿಯ ವಾಸನೆಯಿತ್ತು, ನನ್ನ ಕೈಗೆ ಅಂಟಿದ ತುಪ್ಪದ ವಾಸನೆಯಿತ್ತು.

"ನಸ್ರೀನ್, ನಿನ್ನ ಮೊದಲಿನ ಪ್ರತಿ ಇದೆಯಾ?" ಎಂದು ಕೇಳಿದೆ. ತಂದಳು. "ನಾನು ಹೊಡೆದು ಹಾಕಿದ ಪ್ಯಾರಾ ಓದು."

ಅವಳು ಬಾಗಿಲಲ್ಲೇ ನಿಂತು ಓದಿದಳು, ಮೊದಲು ಸಣ್ಣ ದನಿಯಲ್ಲಿ, ಆಮೇಲೆ ನೆಟ್ಟಗೆ. ಹುಸೇನಬಿಯ ಸೂಜಿ ನಿಂತಿತು. ಓದಿ ಮುಗಿದಾಗ ಅವರು, "ಮಂಡಕ್ಕಿ ಅಂತ ಬರ್ದೀಯಲ್ಲ, ಇಕಿ ತಿಂತಿದ್ದದ್ದು ಅವಲಕ್ಕಿ," ಎಂದರು. "ಮಂಡಕ್ಕೀನೇ," ಎಂದರು ಗೌರಮ್ಮ. ಆ ವಾದ ಬಹಳ ಹೊತ್ತು ನಡೆಯಿತು. ಕೊನೆಗೆ ಹುಸೇನಬಿ ಮತ್ತೆ ಸೂಜಿ ಎತ್ತಿಕೊಂಡು, "ಇದು ನಾನು. ಇದನ್ನ ಓದೋದಾದ್ರೆ ಬರ್ತೀನಿ," ಎಂದರು. ನಾನು ಹೇಳಲು ಹೋಗಿದ್ದ ಪಾಠ ಹೇಳದೆಯೇ ಉಳಿಯಿತು.

ಸಂಜೆ ಹೋಗಲು ಬಿಡಲಿಲ್ಲ. ಯುಗಾದಿಯ ಮರುದಿನ ನಾವು ನೋಡುವ ಚಂದ್ರನೂ ಅವರು ಹಬ್ಬಕ್ಕೆ ನೋಡುವ ಚಂದ್ರನೂ ಆ ಸಲ ಒಂದೇ ದಿನ ಬಂದಿದ್ದರು. ಮಾಳಿಗೆ ಹತ್ತಿದೆವು. ಅಕ್ಕಪಕ್ಕದ ಮಾಳಿಗೆಗಳ ಮೇಲೂ ಜನ, ಎಲ್ಲರ ಮುಖ ಪಡುವಣಕ್ಕೆ. "ಅಗೋ!" ಎಂದರು ಗೌರಮ್ಮ. "ನಾನು ಆಗಲೇ ನೋಡಿದೆ, ಹೇಳಿರಲಿಲ್ಲ ಅಷ್ಟೇ," ಎಂದರು ಹುಸೇನಬಿ. ನನ್ನ ನೆನಪಿನಲ್ಲಿ ಆ ಚಂದ್ರ ಈಗಲೂ ಉಗುರಿನ ಗೆರೆಯ ಹಾಗೆ ಸ್ಪಷ್ಟವಾಗಿದ್ದಾನೆ. ಡೈರಿ ಹೇಳುವುದೇ ಬೇರೆ: 'ನನಗೆ ಕಾಣಲಿಲ್ಲ. ಕಂಡಿತು ಅಂದೆ.'

ಏಪ್ರಿಲ್ ಕೊನೆಗೆ ಕಥೆ ಓದುವ ದಿನ ಬಂತು. ಹುಸೇನಬಿ, ಗೌರಮ್ಮ ಇಬ್ಬರೂ ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದರು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಂಬಿಕೆಯಿಲ್ಲದ ಹುಸೇನಬಿ ಎರಡು ಸಣ್ಣ ಮೆತ್ತೆಗಳನ್ನು ತಂದಿದ್ದರು. ಮೊದಲ ಸಾಲಿನಲ್ಲಿ ಹಾಸಿಕೊಂಡು ಕೂತರು. ನಸ್ರೀನ್ ಮೈಕಿನ ಮುಂದೆ ನಿಂತು ದಾದಿಯ ಕಡೆ ನೋಡಿದಳು. ದಾದಿ ತಲೆಯಾಡಿಸಿದರು. ಅವಳು ಶುರುಮಾಡಿದಳು. ಗೌರಮ್ಮ ತಟ್ಟೆ ಹಿಡಿದು ಬರುವಲ್ಲಿಗೆ ಅವಳ ದನಿ ಕೊನೆಯ ಸಾಲಿಗೂ ಮುಟ್ಟುತ್ತಿತ್ತು.

ಚಪ್ಪಾಳೆಯಾದ ಮೇಲೆ ಹಿರಿಯ ಅಧ್ಯಾಪಕರೊಬ್ಬರು ಎದ್ದು ನಿಂತರು. "ಕಥೆ ಚೆನ್ನಾಗಿದೆ. ಆದರೆ ಉಪವಾಸ ಇರುವವರ ಮುಂದೆ ಕೂತು ಯಾರಾದರೂ ಉಣ್ಣುತ್ತಾರೆಯೇ? ಹೀಗೆಲ್ಲೂ ನಡೆಯುವುದಿಲ್ಲವಲ್ಲ."

ನನ್ನ ಕಿವಿ ಬಿಸಿಯಾಯಿತು. ನಸ್ರೀನ್ ನನ್ನ ಕಡೆ ನೋಡಿದಳು. ಅಷ್ಟರಲ್ಲಿ ಮೊದಲ ಸಾಲಿನ ಮೆತ್ತೆಯ ಮೇಲಿಂದ ದನಿ ಎದ್ದಿತು.

"ಯಾಕ ನಡಿಯಂಗಿಲ್ರೀ ಸಾರ್? ನಿಮ್ ಮೇಡಮ್ಮನ್ನೇ ಕೇಳ್ರಿ. ನನ್ ಎದುರಿಗೇ ಕುಂತು ತಿಂದಾರೆ."

ಸಭೆಯೆಲ್ಲ ನನ್ನ ಕಡೆ ತಿರುಗಿತು. ಎದ್ದು ನಿಂತೆ. ಹುಡುಗರ ಮುಂದೆ ಪಾಠ ಹೇಳುವಾಗ ಎಂದೂ ಆಗದಷ್ಟು ನಾಚಿಕೆಯಾಯಿತು, ಅಷ್ಟೇ ಖುಷಿಯೂ. "ಹೌದು, ತಿಂದಿದ್ದೇನೆ," ಎಂದೆ. "ಎರಡು ಹೋಳಿಗೆ."

"ನಾಲ್ಕು!" ಎಂದರು ಹುಸೇನಬಿ.

"ತುಪ್ಪ ಹಚ್ಕೊಂಡು!" ಎಂದರು ಗೌರಮ್ಮ. ಅವರ ಕೆನ್ನೆಯ ಬಾವು ಅಷ್ಟರಲ್ಲಿ ಇಳಿದಿತ್ತು.

ಸಭೆಯೆಲ್ಲ ನಕ್ಕಿತು, ಹಿರಿಯ ಅಧ್ಯಾಪಕರೂ ನಕ್ಕರು. ಮೈಕಿನ ಮುಂದೆ ನಸ್ರೀನ್ ಬಾಯಿಗೆ ಹಾಳೆ ಅಡ್ಡ ಹಿಡಿದು ನಗುತ್ತಿದ್ದಳು. ಮೈಕು ಆ ನಗುವನ್ನು ಇಡೀ ಸಭಾಂಗಣಕ್ಕೆ ಕೇಳಿಸಿತು.

ಕಳೆದ ವಾರ ಆ ಕೆಂಪು ಶಾಯಿಯ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು, ಆ ಮದುವೆ ಗಾದಿ ಈಗ ಹೇಗಿದೆ ಎಂದು ಹುಸೇನಬಿಯನ್ನು ಕೇಳಿದೆ. ನಾನು ಮೊದಲ ದಾರ ಹಾಕಿದ ಗಾದಿಯ ಮನೆಯಲ್ಲಿ ಈಗ ಹೆಣ್ಣು ಮಗುವಂತೆ. "ಗಾದಿ ಇನ್ನೂ ಮೆತ್ತಗೈತಂತೆ. ನಾಲ್ಕು ತಿಂದ್ರಲ್ಲ, ಅದಕ್ಕೆ," ಎಂದರು. ಎರಡು, ಡೈರಿಯಲ್ಲಿ ಅದೇ ರಾತ್ರಿ ಬರೆದಿಟ್ಟಿದ್ದೇನೆ ಎಂದೆ. ನಸ್ರೀನ್ ಒಳಗಿನಿಂದ ಕೂಗಿದಳು: "ಸಂಜೆ ಡಬ್ಬಿ ತೆಗೆದಾಗ ಎರಡೇ ಇದ್ವು ಮೇಡಂ. ದಾದಿಗೊಂದು, ಅಪ್ಪಗೊಂದು. ನನಗೆ ಸಿಗ್ಲಿಲ್ಲ, ಅದಕ್ಕೇ ನೆನಪೈತೆ."

ಮನೆಗೆ ಬಂದು ಅವ್ವನಿಗೆ ಫೋನ್ ಮಾಡಿದೆ. ಆ ಡಬ್ಬಿಯಲ್ಲಿ ಎಷ್ಟು ಹಿಡಿಯುತ್ತದೆ ಎಂದು ಕೇಳಿದೆ. "ಆರು. ಯಾಕೇ?" ಎಂದಳು. ಉಪವಾಸ ಇದ್ದವರ ಮುಂದೆ ಕೂತು ಅದರಲ್ಲಿ ನಾಲ್ಕು ತಿಂದೆ ಎಂದು ಅವಳಿಗೆ ಹೇಳಲು ಈಗಲೂ ಧೈರ್ಯ ಬರಲಿಲ್ಲ. ಆ ವರ್ಷದ ಡೈರಿ ತೆಗೆದು, ಎರಡು ಎಂಬುದನ್ನು ಹೊಡೆದು ಹಾಕಿ, ನಾಲ್ಕು ಎಂದು ತಿದ್ದಿದೆ. ಕೆಂಪು ಶಾಯಿಯಲ್ಲೇ.